ಕೆರೆಯಲ್ಲಿ ಮೀನು ಸತ್ತು ತೇಲಿದರೆ ಯಾರೋ ವಿಷ ಹಾಕಿದ್ದಾರೆಂದೇ ಅರ್ಥವೇ? ತೆಪ್ಪದವರ ಒಂದು ದಿನ ಹೇಳುವ ಉತ್ತರ

ಬೇಸಿಗೆ ಮುಗಿಯುತ್ತಾ ಬಂದು ಮೊದಲ ಒಂದೆರಡು ಮಳೆ ಬಿದ್ದ ಹೊತ್ತಿಗೆ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಇಂಥದ್ದೊಂದು ಫೋಟೊ ಬಂದಿರಬಹುದು. ಕೆರೆ ಏರಿಯ ಕಲ್ಲುಗಳ ಅಂಚಿನಲ್ಲಿ ಬಿಳಿ ಹೊಟ್ಟೆ ಮೇಲಾಗಿ ತೇಲುತ್ತಿರುವ ನೂರಾರು ಮೀನು. ಅದರ ಕೆಳಗೆ ಹೀಗೊಂದು ಬರಹ: ‘ಕೆರೆಗೆ ವಿಷ ಬೆರೆಸಿದ್ದಾರೆ. ಒಂದು ತಿಂಗಳು ಯಾರೂ ಕೆರೆ ಮೀನು ತಿನ್ನಬೇಡಿ. ನಿಮ್ಮವರ ಜೀವ ಉಳಿಸಲು ಎಲ್ಲಾ ಗುಂಪಿಗೂ ಕಳಿಸಿ.’

ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಈ ಸಂದೇಶದಲ್ಲಿ ಮೂರು ಮಾತುಗಳು ಬೆರೆತಿವೆ, ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ಸತ್ತು ತೇಲಿದ ಮೀನನ್ನು ತಿನ್ನಬಾರದು ಎಂಬುದು ನಿಜ. ಕೆರೆಗೆ ವಿಷ ಹಾಕಿದ್ದಾರೆ ಎಂಬುದು ಕೆಲವೊಮ್ಮೆ ನಿಜವಾಗಬಹುದು, ಆದರೆ ಫೋಟೊ ನೋಡಿ ಅದನ್ನು ಹೇಳಲು ಬರುವುದಿಲ್ಲ. ಬೇಸಿಗೆಯ ಕೊನೆಯಲ್ಲಿ ಇಂಥ ಸಾವಿಗೆ ಬಹಳ ಸಾಮಾನ್ಯವಾದ ಕಾರಣ ನೀರಿನಲ್ಲಿ ಆಮ್ಲಜನಕ ಮುಗಿದುಹೋಗುವುದು. ಇನ್ನು ‘ಯಾವ ಕೆರೆ ಮೀನನ್ನೂ ತಿನ್ನಬೇಡಿ’ ಎಂಬ ಮಾತಿಗೆ ಆಧಾರವಿಲ್ಲ. ಒಂದು ಕೆರೆಯಲ್ಲಿ ಉಸಿರುಗಟ್ಟಿ ಮೀನು ಸತ್ತರೆ ಹತ್ತು ಮೈಲಿ ದೂರದ ಇನ್ನೊಂದು ಕೆರೆಯ ಮೀನು ಕೆಡುವುದಿಲ್ಲ.

ಇದು ಹೇಗೆಂದು ತಿಳಿಯಲು ದಿನವೂ ಕೆರೆಗೆ ಇಳಿಯುವವರ ಒಂದು ದಿನವನ್ನು ನೋಡೋಣ. ನಮ್ಮ ಕೆರೆಗಳಲ್ಲಿ ಮೀನು ಹಿಡಿಯಲು ದೊಡ್ಡ ದೋಣಿ ಬೇಕಿಲ್ಲ. ಬಿದಿರಿನ ಬುಟ್ಟಿಯಂಥ ಚೌಕಟ್ಟಿಗೆ ಪ್ಲಾಸ್ಟಿಕ್ ಹಾಳೆ ಅಥವಾ ಟಾರ್ಪಾಲಿನ್ ಹೊದಿಸಿ ಡಾಂಬರು ಬಳಿದ ಹರಿಗೋಲು ಸಾಕು. ಹಳೆ ಮೈಸೂರಿನ ಕಡೆ ಅದನ್ನೇ ತೆಪ್ಪ ಎನ್ನುತ್ತಾರೆ. ಒಬ್ಬರು ಹುಟ್ಟು ಹಾಕುತ್ತಾರೆ, ಇನ್ನೊಬ್ಬರು ಬಲೆ ಬಿಡುತ್ತಾರೆ. ನೀರಿಗೆ ಅಡ್ಡಲಾಗಿ ನಿಲ್ಲಿಸುವ ನೈಲಾನ್ ಬಲೆಯನ್ನು ಸಾಮಾನ್ಯವಾಗಿ ಸಂಜೆ ಬಿಟ್ಟು ಬಂದು ಬೆಳಗಿನ ಜಾವ ಎತ್ತುತ್ತಾರೆ. ಹಾಗಾಗಿ ನಾವು ಯಾರೂ ನೋಡದ ಹೊತ್ತಿನಲ್ಲಿ ಕೆರೆಯನ್ನು ನೋಡುವವರು ಇವರು.

ಬೆಳಗಿನ ಜಾವ: ಮೀನು ಬಾಯಿ ಬಿಡುವ ಹೊತ್ತು

ಮೋಡ ಕವಿದು, ಗಾಳಿಯಾಡದ ರಾತ್ರಿ ಕಳೆದ ಮೇಲೆ ತೆಪ್ಪ ಇಳಿಸಿದಾಗ ಕೆಲವೊಮ್ಮೆ ವಿಚಿತ್ರವೊಂದು ಕಾಣುತ್ತದೆ. ಎಂದೂ ಮೇಲೆ ಬರದ ದಪ್ಪ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿರುತ್ತವೆ. ತೆಪ್ಪ ಹತ್ತಿರ ಹೋದರೂ ಓಡುವುದಿಲ್ಲ. ನೋಡಿದವರಿಗೆ ಮೀನು ಗಾಳಿ ಕುಡಿಯುತ್ತಿರುವಂತೆ ಕಾಣುತ್ತದೆ. ನಿಜವಾಗಿ ಅವು ಗಾಳಿಗೆ ತಾಗಿಕೊಂಡಿರುವ ತೆಳುವಾದ ನೀರಿನ ಪದರವನ್ನು ಕಿವಿರಿಗೆ ಎಳೆದುಕೊಳ್ಳುತ್ತಿವೆ. ಕೆರೆಯಲ್ಲಿ ಅಷ್ಟಿಷ್ಟು ಆಮ್ಲಜನಕ ಉಳಿದಿರುವುದು ಆ ಪದರದಲ್ಲಿ ಮಾತ್ರ.

ನೀರಿನಲ್ಲಿ ಬದುಕುವ ಜೀವಿಗೆ ಉಸಿರಾಟ ಎಷ್ಟು ದುಬಾರಿ ಎಂಬುದು ನಮಗೆ ಅಂದಾಜಿಲ್ಲ. ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಗಾಳಿಯಿಂದ ಕರಗಿಸಿಕೊಳ್ಳಬಲ್ಲದ್ದು ಹೆಚ್ಚೆಂದರೆ 7.5 ಮಿಲಿಗ್ರಾಂ. ಅಂದರೆ ಸುಮಾರು 35 ಪಟ್ಟು ಕಡಿಮೆ. 20 ಡಿಗ್ರಿಯ ತಣ್ಣನೆಯ ನೀರಾದರೆ 9 ಮಿಲಿಗ್ರಾಂ ಹಿಡಿಯುತ್ತದೆ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಅದೇ ಬಿಸಿಯಲ್ಲಿ ಮೀನಿನ ಅಗತ್ಯ ಮಾತ್ರ ಹೆಚ್ಚು. ಇವು ಸಮುದ್ರಮಟ್ಟದ ಲೆಕ್ಕ. ಬೆಂಗಳೂರಿನಂತೆ ಸುಮಾರು 900 ಮೀಟರ್ ಎತ್ತರದ ಊರಿನಲ್ಲಿ ಇನ್ನೂ ಹತ್ತನೇ ಒಂದರಷ್ಟು ಕಡಿಮೆಯಾಗುತ್ತದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನುಗಾರಿಕೆಗೆ ಯೋಗ್ಯವಾದ ನೀರು ‘ಡಿ’ ದರ್ಜೆಯದು. ಅದರಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಕಾಟ್ಲಾ, ರೋಹು, ಮೃಗಾಲ್‌ನಂಥ ಗೆಂಡೆ ಜಾತಿಯ ಮೀನುಗಳಿಗೆ ಇದು ಎರಡಕ್ಕಿಂತ ಕೆಳಗಿಳಿದರೆ ಉಸಿರು ಕಟ್ಟತೊಡಗುತ್ತದೆ.

ರಾತ್ರಿ: ಆಮ್ಲಜನಕ ಎಲ್ಲಿ ಹೋಗುತ್ತದೆ?

‘ರಾತ್ರಿ ಹೊತ್ತು ಹುಣಸೆ ಮರದ ಕೆಳಗೆ ಮಲಗಬೇಡಿ’ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೀರಿ. ಗಿಡಮರಗಳು ರಾತ್ರಿ ಆಮ್ಲಜನಕ ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ ಎಂದು ಅದಕ್ಕೊಂದು ವಿವರಣೆಯೂ ಓಡಾಡುತ್ತದೆ. ಬಯಲಿನಲ್ಲಿ ಆ ಪ್ರಮಾಣ ಬಹಳ ಸಣ್ಣದು, ಗಾಳಿ ಅದನ್ನು ಕ್ಷಣದಲ್ಲಿ ಚದುರಿಸುತ್ತದೆ, ಮಲಗಿದವರಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ಇದೇ ಸಂಗತಿ ಕೆರೆಯ ಒಳಗೆ ನಡೆದಾಗ ಜೀವ ತೆಗೆಯುವಷ್ಟು ದೊಡ್ಡದಾಗುತ್ತದೆ.

ಕೆರೆ ನೀರನ್ನು ಹಸಿರು ಮಾಡುವುದು ಕಣ್ಣಿಗೆ ಕಾಣದ ಪಾಚಿ. ಹಗಲಿನಲ್ಲಿ ಅದು ಬಿಸಿಲು ಬಳಸಿ ಆಮ್ಲಜನಕ ತಯಾರಿಸುತ್ತದೆ. ಸೂರ್ಯ ಮುಳುಗಿದ ಮೇಲೆ ತಯಾರಿಕೆ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಪಾಚಿ, ಮೀನು, ತಳದ ಕೆಸರನ್ನು ಕೊಳೆಸುವ ಬ್ಯಾಕ್ಟೀರಿಯಾ ಎಲ್ಲವೂ ಸೇರಿ ಹಗಲಿನ ಉಳಿತಾಯವನ್ನು ರಾತ್ರಿಯಿಡೀ ಖರ್ಚು ಮಾಡುತ್ತವೆ. ನಿಂತ ನೀರಿಗೆ ಮೇಲಿನ ಗಾಳಿಯಿಂದ ಆಮ್ಲಜನಕ ಇಳಿಯುವುದು ಬಹಳ ನಿಧಾನ. ಹೀಗೆ ಖರ್ಚಾಗುತ್ತಾ ಹೋಗಿ, ಸೂರ್ಯ ಹುಟ್ಟುವ ಸ್ವಲ್ಪ ಮೊದಲು ಕೆರೆಯ ಆಮ್ಲಜನಕ ತಳಮುಟ್ಟುತ್ತದೆ.

ಶುದ್ಧ ಕೆರೆಯಲ್ಲಿ ಈ ಏರಿಳಿತ ಸಣ್ಣದು, ಮೀನಿಗೆ ತೊಂದರೆಯಾಗುವುದಿಲ್ಲ. ಚರಂಡಿ ನೀರು ಸೇರುವ ಕೆರೆಯ ಕತೆ ಬೇರೆ. ಚರಂಡಿಯಲ್ಲಿರುವ ಸಾರಜನಕ, ರಂಜಕ ಪಾಚಿಗೆ ಗೊಬ್ಬರ. ಪಾಚಿ ಹೆಚ್ಚಿದಷ್ಟೂ ರಾತ್ರಿಯ ಖರ್ಚು ಹೆಚ್ಚು. ಚರಂಡಿಯ ಹೊಲಸನ್ನು ಕೊಳೆಸುವ ಬ್ಯಾಕ್ಟೀರಿಯಾಗಳದ್ದು ಇನ್ನೊಂದು ಖರ್ಚು. ನೀರಿನ ಮೇಲೆ ಅಂತರಗಂಗೆ ಹಾಸಿಕೊಂಡಿದ್ದರೆ ಕೆಳಗಿನ ನೀರಿಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ.

ನಡುಹಗಲು: ಪರೀಕ್ಷೆ ತಪ್ಪು ದಾರಿ ಹಿಡಿಸುವ ಹೊತ್ತು

ಊರಿನವರು ಸತ್ತ ಮೀನು ನೋಡುವುದು ಬೆಳಿಗ್ಗೆ ಏಳಕ್ಕೋ ಎಂಟಕ್ಕೋ. ಫೋಟೊ ತೆಗೆದು, ಸುದ್ದಿ ಹಬ್ಬಿ, ನೀರಿನ ಮಾದರಿ ತೆಗೆದುಕೊಳ್ಳುವವರು ಬರುವಷ್ಟರಲ್ಲಿ ಮಧ್ಯಾಹ್ನ. ಅಷ್ಟರಲ್ಲಿ ಪಾಚಿ ಮತ್ತೆ ಕೆಲಸಕ್ಕೆ ಇಳಿದಿರುತ್ತದೆ. ಬೆಳಗಿನ ಜಾವ ಒಂದು ಮಿಲಿಗ್ರಾಂ ಕೂಡ ಇಲ್ಲದಿದ್ದ ಹಸಿರು ಕೆರೆಯಲ್ಲಿ ಬಿಸಿಲಿನ ಮಧ್ಯಾಹ್ನ ಮೇಲ್ಪದರದ ಆಮ್ಲಜನಕ ಹತ್ತು ಮಿಲಿಗ್ರಾಂ ದಾಟುವುದೂ ಉಂಟು.

ಮಾಪಕ ನೋಡಿದವರು ‘ಆಮ್ಲಜನಕ ಚೆನ್ನಾಗಿಯೇ ಇದೆ’ ಎನ್ನುತ್ತಾರೆ. ಕೇಳಿದವರು ‘ಹಾಗಿದ್ದರೆ ವಿಷವೇ’ ಎಂದು ತೀರ್ಮಾನಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅಳೆದ ಹೊತ್ತು ತಪ್ಪು ಅಷ್ಟೆ. ಮೀನು ಸತ್ತ ಕೆರೆಯ ಆಮ್ಲಜನಕವನ್ನು ಮರುದಿನ ಸೂರ್ಯ ಹುಟ್ಟುವ ಮೊದಲು, ಮೇಲಿನ ಮತ್ತು ಕೆಳಗಿನ ನೀರಿನಲ್ಲಿ, ಕೆರೆಯ ಬಳಿಯೇ ಅಳೆದರೆ ಮಾತ್ರ ಚಿತ್ರ ಪೂರ್ತಿಯಾಗುತ್ತದೆ. ಬಾಟಲಿಯಲ್ಲಿ ಸುಮ್ಮನೆ ತುಂಬಿ ಊರಿಗೆ ಒಯ್ಯುವಷ್ಟರಲ್ಲಿ ಅದರ ಮಟ್ಟ ಬದಲಾಗುತ್ತದೆ.

ಫೋಟೊದ ಹೊತ್ತನ್ನೂ ನಂಬಲಾಗದು. ಸತ್ತ ಮೀನುಗಳಲ್ಲಿ ಕೆಲವು ತಕ್ಷಣ ತೇಲುತ್ತವೆ. ಕೆಲವು ಮುಳುಗಿ, ಹೊಟ್ಟೆಯಲ್ಲಿ ಅನಿಲ ತುಂಬಿದ ಮೇಲೆ ಏಳುತ್ತವೆ. ಆದ್ದರಿಂದ ‘ಮಧ್ಯಾಹ್ನ ಇದ್ದಕ್ಕಿದ್ದಂತೆ ಸತ್ತವು’ ಎಂಬ ಮಾತು ಹಲವು ಬಾರಿ ‘ಮಧ್ಯಾಹ್ನ ಕಾಣಿಸಿಕೊಂಡವು’ ಎಂದಷ್ಟೇ ಆಗಿರುತ್ತದೆ.

ಮೊದಲ ಮಳೆಗೂ ಮೀನಿನ ಸಾವಿಗೂ ಏನು ಸಂಬಂಧ?

ಬೇಸಿಗೆಯಲ್ಲಿ ಕೆರೆಯ ಮೇಲಿನ ನೀರು ಕಾದು ಹಗುರವಾಗಿರುತ್ತದೆ, ಕೆಳಗಿನದು ತಂಪಾಗಿ ಭಾರವಾಗಿರುತ್ತದೆ. ಎರಡೂ ಬೆರೆಯುವುದಿಲ್ಲ. ತಳದ ಹೂಳಿನಲ್ಲಿ ಆಮ್ಲಜನಕವಿಲ್ಲದೆ ಕೊಳೆತು ಹೈಡ್ರೋಜನ್ ಸಲ್ಫೈಡ್‌ನಂಥ ಅನಿಲ ಕೂಡಿರುತ್ತದೆ. ಗುಡುಗು, ಗಾಳಿಯೊಂದಿಗೆ ಮಳೆ ಹೊಡೆದಾಗ ಮೇಲಿನ ನೀರು ತಣ್ಣಗಾಗಿ ಕೆಳಗಿಳಿಯುತ್ತದೆ, ತಳದ ನೀರು ಮೇಲೆ ಬರುತ್ತದೆ. ಅದೇ ವೇಳೆಗೆ ತಿಂಗಳುಗಟ್ಟಲೆ ಚರಂಡಿಯಲ್ಲಿ, ರಸ್ತೆಯಲ್ಲಿ, ಹೊಲದಲ್ಲಿ ಕೂಡಿದ ಕಸ, ಸಗಣಿ, ಗೊಬ್ಬರವನ್ನೆಲ್ಲ ಮೊದಲ ಮಳೆ ತೊಳೆದು ಕೆರೆಗೆ ತರುತ್ತದೆ. ಮೇಲಿಂದ ಎರಡು ದಿನ ಮೋಡ ಕವಿದರೆ ಪಾಚಿಗೆ ಬಿಸಿಲೂ ಇಲ್ಲ. ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ, ಮೀನು ಸಾಯುತ್ತವೆ. ವಾಸನೆ ಬಂದವರಿಗೆ ‘ಏನೋ ಕೆಮಿಕಲ್ ಬಿಟ್ಟಿದ್ದಾರೆ’ ಅನ್ನಿಸುವುದು ಸಹಜ.

2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಆಗ ಮುಂದೆ ಬಂದ ಕಾರಣವೂ ಇದೇ ಬಗೆಯದು: ಕೊಳಚೆ ನೀರು ಸೇರಿ ಆಮ್ಲಜನಕ ಕುಸಿದದ್ದು.

ಹಾಗಾದರೆ ವಿಷ ಎಂಬುದು ಸುಳ್ಳೇ?

ಅಲ್ಲ. ಮೀನು ಹಿಡಿಯಲು ಬ್ಲೀಚಿಂಗ್ ಪೌಡರ್, ಕೀಟನಾಶಕ, ಜಜ್ಜಿದ ಕಾಡುಕಾಯಿ, ಸಿಡಿಮದ್ದು ಬಳಸುವವರು ಇದ್ದಾರೆ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಸಿಡಿಮದ್ದು ಮತ್ತು ವಿಷದಿಂದ ಮೀನು ಕೊಲ್ಲುವುದನ್ನು ಅಪರಾಧವೆಂದು ಹೇಳಿತ್ತು. ಕಾನೂನು ಅಷ್ಟು ಹಳೆಯದೆಂದರೆ ಕೃತ್ಯ ಅದಕ್ಕಿಂತ ಹಳೆಯದು. ಕಾರ್ಖಾನೆಯ ತ್ಯಾಜ್ಯವೂ ಕೆರೆಗೆ ಬರುತ್ತದೆ. ಹಾಗಾಗಿ ಅನುಮಾನ ಪಡುವುದು ತಪ್ಪಲ್ಲ. ಅನುಮಾನಕ್ಕೆ ಕೆಲವು ಗುರುತುಗಳಿವೆ.

ಆಮ್ಲಜನಕದ ಕೊರತೆಯಾದರೆ ಸಾವು ಹೆಚ್ಚಾಗಿ ಬೆಳಗಿನ ಜಾವ. ಅದಕ್ಕೂ ಮೊದಲು ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಸಾಯುತ್ತವೆ. ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ಮುರ್ರೆಲ್ (ಕೊರವ) ಮತ್ತು ಕೆಲವು ಜಾತಿಯ ಕ್ಯಾಟ್‌ಫಿಶ್ ಬದುಕಿರುತ್ತವೆ. ಕಪ್ಪೆ, ನೀರುಹುಳುಗಳಿಗೂ ಅಷ್ಟಾಗಿ ತೊಂದರೆ ಕಾಣದು.

ವಿಷವಾದರೆ ಹೊತ್ತು ಗೊತ್ತಿಲ್ಲ. ಸಣ್ಣದು ದೊಡ್ಡದು ಎಲ್ಲವೂ, ಹಲವು ಸಲ ಸಣ್ಣವೇ ಮೊದಲು ಸಾಯುತ್ತವೆ. ಸಾಯುವ ಮೊದಲು ಮೀನು ಸುತ್ತು ಹೊಡೆಯುವುದು, ದಡಕ್ಕೆ ಹಾರುವುದು ಕಾಣಬಹುದು. ಕಪ್ಪೆ, ಬಸವನಹುಳು, ನೀರುಹುಳು, ಕೊರವ ಮೀನು ಯಾವುದೂ ಉಳಿಯದಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ರೋಗವಾದರೆ ಒಂದೆರಡು ಜಾತಿಯ ಮೀನು ಮಾತ್ರ, ಹಲವು ದಿನಗಳಲ್ಲಿ, ಮೈಮೇಲೆ ಹುಣ್ಣಿನೊಂದಿಗೆ ಸಾಯುತ್ತವೆ. 1988ರಲ್ಲಿ ಭಾರತಕ್ಕೆ ಕಾಲಿಟ್ಟ ಹುಣ್ಣಿನ ರೋಗವೊಂದು ಹೀಗೆಯೇ ಸಿಹಿನೀರಿನ ಮೀನುಗಳನ್ನು ಕಾಡಿತು.

ಇವು ಗುರುತುಗಳೇ ಹೊರತು ತೀರ್ಪಲ್ಲ. ತೀರ್ಪು ಕೊಡಬೇಕಾದದ್ದು ಪ್ರಯೋಗಾಲಯ. ಗ್ರಹಣ, ಭೂಕಂಪದ ಮುನ್ಸೂಚನೆ ಎಂದೆಲ್ಲ ಬರುವ ಸಂದೇಶಗಳನ್ನಂತೂ ಅಲ್ಲೇ ಬಿಟ್ಟುಬಿಡಿ.

ಕೆರೆ ಮೀನು ತಿನ್ನಬಹುದೇ?

ಸತ್ತು ತೇಲಿದ್ದನ್ನು ಯಾವ ಕಾರಣಕ್ಕೂ ತಿನ್ನಬೇಡಿ, ಕೋಳಿಗೆ, ನಾಯಿಗೆ ಹಾಕಬೇಡಿ. ಉಸಿರುಗಟ್ಟಿ ಸತ್ತಿದ್ದರೂ ಬೆಚ್ಚಗಿನ ನೀರಿನಲ್ಲಿ ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗಿರುತ್ತದೆ. ವಿಷವೋ ಅಲ್ಲವೋ ಎಂಬುದು ಆ ಹೊತ್ತಿಗೆ ಯಾರಿಗೂ ಗೊತ್ತಿರುವುದಿಲ್ಲ. ಬಾಯಿ ಬಿಡುತ್ತಿರುವ ಮೀನನ್ನು ಜೀವಂತ ಹಿಡಿದರೂ, ಕಾರಣ ತಿಳಿಯುವತನಕ ಅಡುಗೆಮನೆಗೆ ತರದಿರುವುದು ಒಳ್ಳೆಯದು.

‘ಉಪ್ಪು, ಅರಿಶಿನ, ಹುಣಸೆ ಹಾಕಿ ತೊಳೆದರೆ ವಿಷ ಹೋಗುತ್ತದೆ’ ಎಂಬ ನಂಬಿಕೆಯೂ ಇದೆ. ಹೋಗುವುದಿಲ್ಲ. ಹೋಗುವುದು ವಾಸನೆ ಮಾತ್ರ. ಕೆರೆ ಮೀನಿನ ಕೆಸರು ವಾಸನೆಗೆ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಕೆಲವು ಪಾಚಿ ಮತ್ತು ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ತಯಾರಿಸುತ್ತವೆ. ಮೊದಲ ಮಳೆಗೆ ನೆಲದಿಂದ ಏಳುವ ಘಮವೂ ಇದರದ್ದೇ. ಹುಣಸೆಯ ಹುಳಿ ಜಿಯೋಸ್ಮಿನ್ ಅನ್ನು ಒಡೆಯುತ್ತದೆ, ಹಾಗಾಗಿ ಅಜ್ಜಿಯ ಪದ್ಧತಿ ರುಚಿಗೆ ಸರಿ. ಆ ವಾಸನೆ ಬಂದ ಮಾತ್ರಕ್ಕೆ ಮೀನು ಕೆಟ್ಟಿದೆ ಎಂದಲ್ಲ. ಆದರೆ ಸೀಸ, ಕ್ಯಾಡ್ಮಿಯಂ, ಪಾದರಸದಂಥ ಭಾರ ಲೋಹಗಳು ತೊಳೆದರೂ, ಕುದಿಸಿದರೂ, ಹುರಿದರೂ ಹೋಗುವುದಿಲ್ಲ.

ಆದ್ದರಿಂದ ‘ಕೆರೆ ಮೀನೋ, ಸಮುದ್ರ ಮೀನೋ’ ಎಂದು ಕೇಳುವ ಬದಲು ‘ಯಾವ ಕೆರೆ?’ ಎಂದು ಕೇಳಿ. ಮಳೆ ನೀರೇ ತುಂಬುವ ಹಳ್ಳಿ ಕೆರೆಯಲ್ಲಿ ಜೀವಂತ ಹಿಡಿದ ಮೀನು ಒಳ್ಳೆಯ ಆಹಾರ. ಕಣ್ಣು ಹೊಳೆಯುತ್ತಿದೆಯೇ, ಕಿವಿರು ಕೆಂಪಗಿದೆಯೇ, ಬೆರಳಿನಿಂದ ಒತ್ತಿದ ಮಾಂಸ ಮೇಲೇಳುತ್ತದೆಯೇ ನೋಡಿ, ಕರುಳು ಪೂರ್ತಿ ತೆಗೆದು, ಚೆನ್ನಾಗಿ ಬೇಯಿಸಿ ತಿನ್ನಿ. ಕಾರ್ಖಾನೆ ನೀರು ಸೇರುವ, ನೊರೆ ಏಳುವ ಕೆರೆಯ ಮೀನು ಎಷ್ಟೇ ತಾಜಾ ಕಂಡರೂ ಬೇಡ. ತಾಜಾತನದ ಗುರುತುಗಳು ಲೋಹವನ್ನು ತೋರಿಸುವುದಿಲ್ಲ.

ಒಂದು ಫಾರ್ವರ್ಡ್‌ನಿಂದ ಆಗುವ ನಷ್ಟ

ಕೆರೆ ಮೀನು ತಾನಾಗಿ ಬಂದದ್ದಲ್ಲ, ಅದು ಬೆಳೆ. ಕೆರೆಯ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೋ ಹರಾಜಿನಲ್ಲೋ ದುಡ್ಡು ಕಟ್ಟಿ ಪಡೆಯುತ್ತಾರೆ. ಮಳೆ ಬಂದ ಮೇಲೆ ಮೀನುಮರಿ ಬಿತ್ತನೆ ಮಾಡಿ ತಿಂಗಳುಗಟ್ಟಲೆ ಕಾಯುತ್ತಾರೆ. ಕೆರೆ ಬತ್ತುವ ಮುನ್ನ ಹಿಡಿದು ಮಾರಿ ಸಾಲ ತೀರಿಸಬೇಕು. ಆ ಹೊತ್ತಿಗೇ ಮೀನು ಸಾಯುವ ಕಾಲ, ಆ ಹೊತ್ತಿಗೇ ಫಾರ್ವರ್ಡ್ ಬರುವ ಕಾಲ. ಅರ್ಧ ಬೆಳೆ ನೀರಿನಲ್ಲಿ ಹೋದರೆ ಉಳಿದ ಅರ್ಧವನ್ನು, ಪಕ್ಕದ ಕೆರೆಯವರ ಮೀನನ್ನೂ ಸೇರಿಸಿ, ಸಂತೆಯಲ್ಲಿ ಕೇಳುವವರಿರುವುದಿಲ್ಲ.

ಎರಡನೆಯ ನಷ್ಟ ಊರಿನದು. ‘ವಿಷ ಹಾಕಿದ್ದಾರೆ’ ಎಂದ ಕೂಡಲೇ ‘ಯಾರು?’ ಎಂಬ ಪ್ರಶ್ನೆ ಹುಟ್ಟುತ್ತದೆ. ಹರಾಜಿನಲ್ಲಿ ಸೋತವರೋ, ಬೇರೆ ಕೇರಿಯವರೋ, ಹಳೆಯ ಜಗಳದವರೋ, ಉತ್ತರ ಮೊದಲೇ ಸಿದ್ಧವಿರುತ್ತದೆ. ಪರೀಕ್ಷೆಯ ವರದಿ ಬರುವ ಮೊದಲೇ ಪೊಲೀಸ್ ಠಾಣೆ ಮೆಟ್ಟಿಲು ಹತ್ತುವ ಜಗಳಗಳಿಗೆ ಒಂದು ಸಂದೇಶ ಸಾಕು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ರಾತ್ರಿ ಬಂದು ವಿಷ ಸುರಿದ ಅಪರಿಚಿತನನ್ನು ಹುಡುಕುತ್ತಾ ಕೂತರೆ, ಹಾಡಹಗಲೇ ಕೆರೆಗೆ ಸೇರುತ್ತಿರುವ ಚರಂಡಿ ಕಣ್ಣಿಗೆ ಬೀಳುವುದಿಲ್ಲ. ಆ ಚರಂಡಿಯಲ್ಲಿ ಹರಿಯುವುದು ನಮ್ಮದೇ ಮನೆಯ ನೀರು. ಅಪರಿಚಿತ ಸಿಗುವುದಿಲ್ಲ, ಚರಂಡಿ ನಿಲ್ಲುವುದಿಲ್ಲ, ಮುಂದಿನ ಬೇಸಿಗೆಗೆ ಮತ್ತೆ ಮೀನು ತೇಲುತ್ತವೆ.

ಮೀನು ಸತ್ತದ್ದು ಕಂಡರೆ ಏನು ಮಾಡಬೇಕು?

ನೀರಿಗೆ ಇಳಿಯಬೇಡಿ. ಸತ್ತ ಮೀನು ಬಾಚಲು ಲಾರಿ ಟ್ಯೂಬ್, ಥರ್ಮೋಕೋಲ್ ಹಿಡಿದು ಮಕ್ಕಳು ಇಳಿಯುವುದುಂಟು. ಹೂಳು ತೆಗೆದ ಕೆರೆಗಳಲ್ಲಿ ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರುತ್ತದೆ, ಕಾಲಿಗೆ ಬಲೆ ಸಿಕ್ಕಿದರೆ ಈಜು ಬಂದವರೂ ಮುಳುಗುತ್ತಾರೆ. ದನಕರುಗಳಿಗೂ ಆ ನೀರು ಕುಡಿಸಬೇಡಿ. ಕೆಲವು ಬಗೆಯ ಪಾಚಿಯ ನಂಜು ಜಾನುವಾರುಗಳಿಗೆ ಅಪಾಯ.

ಫೋಟೊ ತೆಗೆಯಿರಿ, ಆದರೆ ಗುಂಪಿಗಲ್ಲ, ದಾಖಲೆಗೆ. ಕೆರೆಯ ಹೆಸರು, ದಿನ, ಗಂಟೆ ಬರೆದುಕೊಳ್ಳಿ. ಯಾವ ಮೀನು ಸತ್ತಿವೆ, ಯಾವುವು ಬದುಕಿವೆ, ಹಿಂದಿನ ದಿನ ಮಳೆ, ಮೋಡ ಇತ್ತೇ, ನೀರಿನ ಬಣ್ಣ, ವಾಸನೆ ಹೇಗಿತ್ತು, ಇವಿಷ್ಟು ಇದ್ದರೆ ಕಾರಣ ಹುಡುಕುವವರಿಗೆ ಅರ್ಧ ಕೆಲಸ ಮುಗಿದಂತೆ. ತೆಪ್ಪದವರನ್ನು ಕೇಳಿ, ಬೆಳಗಿನ ಜಾವ ಏನು ಕಂಡಿತೆಂದು ಅವರಿಗಷ್ಟೇ ಗೊತ್ತು.

ಗ್ರಾಮ ಪಂಚಾಯಿತಿ ಅಥವಾ ನಗರಸಭೆಗೆ, ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ. ವಿಷದ ಅನುಮಾನ ಬಲವಾಗಿದ್ದರೆ 112ಕ್ಕೆ ಕರೆ ಮಾಡಿ. ಮರುದಿನ ಸೂರ್ಯೋದಯಕ್ಕೆ ಮುನ್ನ ಆಮ್ಲಜನಕ ಅಳೆಯಿರಿ ಎಂದು ಒತ್ತಾಯಿಸಿ.

ಕೃಷಿ ಹೊಂಡದಲ್ಲಿ ಮೀನು ಸಾಕುವವರಿಗೆ ಒಂದು ಸುಲಭ ಉಪಾಯವಿದೆ. ಮೋಡ ಕವಿದ ದಿನಗಳಲ್ಲಿ ಮೇವು ಕಡಿಮೆ ಮಾಡಿ. ರಾತ್ರಿ ಎರಡರಿಂದ ಬೆಳಕು ಹರಿಯುವತನಕ ಪಂಪು ಹಾಕಿ ಹೊಂಡದ ನೀರನ್ನೇ ಮೇಲೆತ್ತಿ ಹೊಂಡಕ್ಕೇ ಚಿಮ್ಮಿಸಿ. ಬೀಳುವ ಹನಿಗಳು ಗಾಳಿಯಿಂದ ಆಮ್ಲಜನಕ ತರುತ್ತವೆ.

ಮುಂದಿನ ಸಲ ಇಂಥ ಫೋಟೊ ಬಂದಾಗ ಕಳಿಸಿದವರಿಗೆ ಎರಡೇ ಪ್ರಶ್ನೆ ಕೇಳಿ: ಇದು ಯಾವ ಕೆರೆ? ಅದಕ್ಕೆ ಯಾವ ಚರಂಡಿ ಸೇರುತ್ತದೆ? ಮೊದಲನೆಯದಕ್ಕೆ ಉತ್ತರವಿಲ್ಲದಿದ್ದರೆ ಆ ಸಂದೇಶ ನಿಮ್ಮಲ್ಲೇ ನಿಲ್ಲಲಿ. ಎರಡನೆಯದಕ್ಕೆ ಉತ್ತರ ಸಿಕ್ಕರೆ ಅದನ್ನು ಗುಂಪಿಗಲ್ಲ, ಪಂಚಾಯಿತಿಗೆ ಕಳಿಸಿ.